‘ನಟ ಹೌದು, ತಂಡದವನಲ್ಲ’: ಓದುಗರ ಪ್ರಶ್ನೆಗಳಿಗೆ ಉತ್ತರ

ನಾಟಕ, ಯಕ್ಷಗಾನ ಮತ್ತು ಇತರ ರಂಗಕಲೆಗಳ ಕುರಿತು ಪ್ರಶ್ನೆಗಳನ್ನು ಕಳುಹಿಸಿರೆಂದು ಈ ಅಂಕಣದಲ್ಲಿ ಕೇಳಿಕೊಂಡಾಗ, ಅಭಿನಯ, ಉಚ್ಚಾರಣೆ, ಪ್ರಸಾಧನಗಳ ಬಗ್ಗೆ ಪತ್ರಗಳು ಬಂದಾವೆಂದು ನಾನು ಎಣಿಸಿದ್ದೆ. ಬಂದವುಗಳಲ್ಲಿ ಬಹುಪಾಲು ಬೇರೆಯೇ ವಿಷಯದವು. ತಂಡದಲ್ಲಿ ಬಾಳುವುದು ಹೇಗೆ, ಎಂಥವರು ತಂಡಕ್ಕೆ ಬೇಕು, ಎಂಥವರನ್ನು ಇಟ್ಟುಕೊಂಡು ಹೆಣಗುವುದು ಬೇಡ ಎಂಬುದೇ ಅವುಗಳ ಕಾಳಜಿಯಾಗಿತ್ತು. ಸುಮಾರು 30 ವರ್ಷ ಹವ್ಯಾಸಿ ತಂಡವೊಂದರಲ್ಲಿ ಮೊದಲು ನಟನಾಗಿ, ಆಮೇಲೆ ರಂಗನಿರ್ವಾಹಕನಾಗಿ ದುಡಿದ ಅನುಭವವನ್ನೇ ನೆಚ್ಚಿಕೊಂಡು ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಕೈಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಾನು ಬ್ಯಾಂಕಿನಲ್ಲಿ ಗುಮಾಸ್ತ. ಎರಡು ವರ್ಷಗಳಿಂದ ನಮ್ಮ ಊರಿನ ಹವ್ಯಾಸಿ ನಾಟಕ ತಂಡದಲ್ಲಿದ್ದೇನೆ. ನನ್ನ ಧ್ವನಿಯೂ ಅಭಿನಯವೂ ಚೆನ್ನಾಗಿವೆಯೆಂದು ನೋಡಿದವರೆಲ್ಲ ಹೇಳುತ್ತಾರೆ. ಸ್ಪರ್ಧೆಯೊಂದರಲ್ಲಿ ಬಹುಮಾನವೂ ಬಂದಿದೆ. ಆದರೂ ಈ ಸಲದ ಮುಖ್ಯ ಪಾತ್ರ ನನಗಿಂತ ಸಾಧಾರಣನಾದ ಒಬ್ಬನಿಗೆ ಹೋಯಿತು. ಕಾರಣ ಕೇಳಿದರೆ ನಿರ್ದೇಶಕರು, ‘ನೀನು ನಟ ಹೌದು, ತಂಡದವನಲ್ಲ’ ಎಂದರು. ಈ ಮಾತಿನ ಅರ್ಥವೇನು? ತಾಲೀಮಿಗೆ ಬರುವುದು ಸ್ವಲ್ಪ ತಡವಾಗುತ್ತದೆ ಎಂಬುದನ್ನು ಬಿಟ್ಟರೆ ನನ್ನಲ್ಲಿ ಯಾವ ದೋಷವಿದೆಯೆಂದು ನನಗೆ ತಿಳಿಯುತ್ತಿಲ್ಲ. (ದಾವಣಗೆರೆ)

ಉತ್ತರ: ದೋಷವನ್ನು ನೀವೇ ಬರೆದಿದ್ದೀರಿ, ಬರೆದು, ಅದನ್ನು ‘ಬಿಟ್ಟರೆ’ ಎಂಬ ಒಂದೇ ಮಾತಿನಲ್ಲಿ ದಾಟಿಯೂ ಬಿಟ್ಟಿದ್ದೀರಿ. ಲೆಕ್ಕದ ಕೆಲಸದವರಾದ್ದರಿಂದ ನಿಮಗೆ ಲೆಕ್ಕದಲ್ಲೇ ಹೇಳುತ್ತೇನೆ. 12 ಜನರ ತಂಡ ಸಂಜೆ ಆರೂವರೆಗೆ ಸೇರಬೇಕಾಗಿದ್ದು ಒಬ್ಬರು ಏಳಕ್ಕೆ ಬಂದರೆ, ಕಾದು ಕುಳಿತ 11 ಜನರ ಅರ್ಧರ್ಧ ಗಂಟೆ ಕೂಡಿ ಐದೂವರೆ ಗಂಟೆಯಾಗುತ್ತದೆ. ಹವ್ಯಾಸಿ ತಂಡದಲ್ಲಿ ಆ ಐದೂವರೆ ಗಂಟೆಗೆ ಯಾರೂ ಸಂಬಳ ಕೊಟ್ಟಿರುವುದಿಲ್ಲ. ಅದು ಒಬ್ಬರು ಅಂಗಡಿಯ ಬಾಗಿಲನ್ನು ಬೇಗ ಎಳೆದು, ಇನ್ನೊಬ್ಬರು ಮಗುವನ್ನು ಅತ್ತೆಯ ಬಳಿ ಬಿಟ್ಟು, ಮತ್ತೊಬ್ಬರು ಮೇಲಧಿಕಾರಿಯ ಮುನಿಸನ್ನು ಕಟ್ಟಿಕೊಂಡು ತಂದ ಸಮಯ. ಇದಕ್ಕಿಂತ ದೊಡ್ಡ ನಷ್ಟ ಎರಡನೆಯ ವಾರದಲ್ಲಿ ಕಾಣಿಸಿಕೊಳ್ಳುತ್ತದೆ. ಹೇಗೂ ಅವರು ಏಳಕ್ಕೇ ಬರುವುದು ಎಂದು ಉಳಿದವರೂ ಆರೂ ಮುಕ್ಕಾಲಿಗೆ ಬರತೊಡಗುತ್ತಾರೆ, ಮೂರನೆಯ ವಾರಕ್ಕೆ ತಾಲೀಮು ಏಳೂ ಕಾಲಿಗಲ್ಲದೆ ಶುರುವಾಗುವುದಿಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ರಂಗಶಂಕರ ನಾಟಕಮಂದಿರದಲ್ಲಿ, ನಾಟಕ ಶುರುವಾದ ಮೇಲೆ ಬಂದ ಪ್ರೇಕ್ಷಕರನ್ನು ಟಿಕೆಟ್ಟಿದ್ದರೂ ಒಳಗೆ ಬಿಡುವುದಿಲ್ಲವೆಂಬುದು ಪ್ರಸಿದ್ಧ. ಹಣ ಕೊಟ್ಟು ಬಂದವರಿಂದಲೇ ಇಷ್ಟನ್ನು ಬೇಡುವ ಕಲೆ, ರಂಗವನ್ನು ಏರುವವರಿಂದ ಇದಕ್ಕಿಂತ ಕಡಿಮೆಯನ್ನು ಬೇಡುತ್ತದೆಯೆಂದು ನಿಮಗೆ ಏಕನ್ನಿಸಿತೋ ತಿಳಿಯದು.

ಆದರೆ ನಿಮ್ಮ ನಿರ್ದೇಶಕರು ಗಡಿಯಾರವನ್ನಷ್ಟೇ ನೋಡಿ ಆ ಮಾತನ್ನು ಹೇಳಿರಲಾರರು. ತಂಡದವನೆಂದರೆ ನನ್ನ ತಿಳಿವಳಿಕೆಯಲ್ಲಿ, ಯಾರ ಇರುವಿಕೆಯಿಂದ ಪಕ್ಕದಲ್ಲಿರುವವನ ಕೆಲಸ ಸುಲಭವಾಗುತ್ತದೆಯೋ ಅವನು. ಇದನ್ನು ಮೊದಲು ಪರೀಕ್ಷಿಸಬೇಕಾದದ್ದು ಮಾತುಗಳ ಬಾಯಿಪಾಠದಲ್ಲಿ. ಪುಸ್ತಕವನ್ನು ಕೈಯಲ್ಲಿ ಹಿಡಿದ ನಟನ ಕಣ್ಣು ಎದುರಿನವರನ್ನು ನೋಡಲಾರದು; ಆದ್ದರಿಂದ ನೀವು ಹತ್ತು ದಿನ ತಡವಾಗಿ ಪುಸ್ತಕ ಕೆಳಗಿಟ್ಟರೆ, ನಿಮ್ಮೊಂದಿಗೆ ದೃಶ್ಯವಿರುವ ಎಲ್ಲರ ಅಭಿನಯವೂ ಹತ್ತು ದಿನ ತಡವಾಗಿ ಹುಟ್ಟುತ್ತದೆ. ಎರಡನೆಯದು ಕೇಳಿಸಿಕೊಳ್ಳುವುದು. ಒಳ್ಳೆಯ ಧ್ವನಿಯುಳ್ಳವರಲ್ಲಿ ಈ ಗುಣ ಹಲವೊಮ್ಮೆ ತಡವಾಗಿ ಬರುತ್ತದೆ, ಏಕೆಂದರೆ ಅವರಿಗೆ ತಮ್ಮ ಮಾತಿನ ಸರದಿ ಬರುವವರೆಗಿನ ಹೊತ್ತು ಬರಿದೆ ಕಾಯುವ ಹೊತ್ತಾಗಿರುತ್ತದೆ. ಎದುರಿನ ಪಾತ್ರ ಈ ದಿನ ಒಂದು ಪ್ರಶ್ನೆಯನ್ನು ನಿನ್ನೆಗಿಂತ ಮೆಲ್ಲಗೆ ಕೇಳಿದರೂ ನಿಮ್ಮ ಉತ್ತರ ನಿನ್ನೆಯ ಏರುದನಿಯಲ್ಲೇ ಬಂದರೆ, ನೀವು ಆ ಪಾತ್ರದೊಡನೆ ಮಾತಾಡುತ್ತಿಲ್ಲ, ನಿಮ್ಮ ಬಹುಮಾನದ ಜೊತೆ ಮಾತಾಡುತ್ತಿದ್ದೀರಿ. ಕೋಲಾಟವನ್ನು ನೆನೆಸಿಕೊಳ್ಳಿ. ಅಲ್ಲಿ ನಿಮ್ಮ ಕೋಲು ಒಂದು ಗಳಿಗೆ ಹಿಂದೆ ಮುಂದೆ ಬಿದ್ದರೆ ಪೆಟ್ಟು ತಗಲುವುದು ನಿಮ್ಮ ಬೆರಳಿಗಲ್ಲ, ಜೊತೆಗಾರನ ಬೆರಳಿಗೆ. ನಾಟಕದಲ್ಲಿಯೂ ಹಾಗೆಯೇ ಆಗುತ್ತದೆ, ಊದಿಕೊಂಡದ್ದು ಹೊರಗೆ ಕಾಣುವುದಿಲ್ಲವಷ್ಟೇ.

ಇದನ್ನು ನಾನು ಕಣ್ಣಾರೆ ಕಂಡದ್ದು ನಮ್ಮದೇ ತಂಡದ ಒಂದು ಹಾಸ್ಯನಾಟಕದಲ್ಲಿ. ಸಣ್ಣ ಊರೊಂದರ ಶಾಲಾ ಮೈದಾನದಲ್ಲಿ ಪ್ರದರ್ಶನ. ಮೊದಲ ಅಂಕದಲ್ಲಿ ನಮ್ಮ ನಟನೊಬ್ಬ ಪುಸ್ತಕದಲ್ಲಿಲ್ಲದ ಎರಡು ಮಾತುಗಳನ್ನು ಸೇರಿಸಿದ, ಜನ ನಕ್ಕರು. ನಗೆಯ ರುಚಿ ಹತ್ತಿ ಎರಡನೆಯ ಅಂಕದಲ್ಲಿ ನಾಲ್ಕು ಮಾತು ಸೇರಿಸಿದ, ಆ ಭರದಲ್ಲಿ ಪುಸ್ತಕದ ಮಾತೊಂದನ್ನು ನುಂಗಿಬಿಟ್ಟ. ಆ ಮಾತೇ ಬೆಳಕಿನವನಿಗೆ ದೀಪ ತಗ್ಗಿಸುವ ಸೂಚನೆಯಾಗಿತ್ತು. ಆ ಮಾತೇ ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ತಟ್ಟೆ ಹಿಡಿದು ನಿಂತ ಹುಡುಗಿಗೆ ಪ್ರವೇಶದ ಸೂಚನೆಯೂ ಆಗಿತ್ತು. ಬೆಳಕು ತಗ್ಗಲಿಲ್ಲ, ಹುಡುಗಿ ಬರಲಿಲ್ಲ, ರಂಗದ ಮೇಲೆ ಉಳಿದ ಇಬ್ಬರು ಅರ್ಧ ನಿಮಿಷ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಕೊನೆಗೆ ನಾನೇ ಅವಳ ಬೆನ್ನಿಗೆ ಕೈಯಿಟ್ಟು ಒಳಗೆ ತಳ್ಳಬೇಕಾಯಿತು. ನಾಟಕ ಮುಗಿದ ಮೇಲೆ ಊರಿನವರು ಅವನ ಕೈಕುಲುಕಿ ಹೊಗಳಿದರು. ಹುಡುಗಿಗೆ, ‘ಯಾಕಮ್ಮ, ಪಾಠ ಮರೆತುಹೋಯಿತೇ?’ ಎಂದು ಕೇಳಿದರು. ಮಾತು ನುಂಗಿದವನಿಗೆ ಚಪ್ಪಾಳೆ, ಕಾದು ನಿಂತವಳಿಗೆ ಅಪವಾದ. ಅವನು ಕೆಟ್ಟವನಾಗಿರಲಿಲ್ಲ, ತನ್ನ ಮಾತನ್ನು ನೆಚ್ಚಿಕೊಂಡು ಕತ್ತಲಲ್ಲಿ ಇನ್ನಿಬ್ಬರು ನಿಂತಿದ್ದಾರೆಂಬುದು ಅವನಿಗೆ ಆ ಹೊತ್ತಿನಲ್ಲಿ ಹೊಳೆದಿರಲಿಲ್ಲ. ನಿರ್ದೇಶಕರು ಪಾತ್ರ ಹಂಚುವಾಗ ಹೆದರುವುದು ಇದಕ್ಕೇ. ‘ಸಾಧಾರಣ’ನೆಂದು ನೀವು ಕರೆದವನು ಎಂಟನೆಯ ಪ್ರದರ್ಶನದಲ್ಲಿಯೂ ಅದೇ ಜಾಗದಲ್ಲಿ ನಿಂತು ಅದೇ ಸೂಚನೆಯನ್ನು ಕೊಟ್ಟಾನೆಂಬ ಭರವಸೆ ಅವರಿಗಿರಬಹುದು. ಅಂಥವನ ಸುತ್ತ ಉಳಿದ ಹತ್ತು ಜನ ಧೈರ್ಯವಾಗಿ ಅಭಿನಯಿಸಬಲ್ಲರು.

ಇನ್ನು ಸಣ್ಣ ಪಾತ್ರದ ಮಾತು. ‘ಸಣ್ಣ ಪಾತ್ರವೆಂಬುದೇ ಇಲ್ಲ’ ಎಂಬ ಸಮಾಧಾನವನ್ನು ನಾನು ನಿಮಗೆ ಹೇಳಲಾರೆ. ಎರಡು ಮಾತಿನ ದ್ವಾರಪಾಲಕನ ಪಾತ್ರ ಸಣ್ಣದೇ, ಅದನ್ನು ಮಾಡುವವನಿಗೂ ಅದು ಗೊತ್ತಿರುತ್ತದೆ. ಆದರೆ ಪಾತ್ರದ ಅಳತೆಗೂ ತಂಡದಲ್ಲಿ ಒಬ್ಬನಿಗಿರುವ ಸ್ಥಾನಕ್ಕೂ ಸಂಬಂಧವಿಲ್ಲದಿರುವುದು ಸಾಧ್ಯ. ಗುಬ್ಬಿ ವೀರಣ್ಣನವರು ತಮ್ಮ ನಾಟಕ ಕಂಪನಿಗೆ ತಾವೇ ಯಜಮಾನರಾಗಿದ್ದೂ ಜನರ ನೆನಪಿನಲ್ಲಿ ಉಳಿದದ್ದು ರಾಜನ ಕಿರೀಟದಿಂದಲ್ಲ, ‘ಸದಾರಮೆ’ಯ ಕಳ್ಳನಂಥ ಹಾಸ್ಯಪಾತ್ರಗಳಿಂದ. ಹೆಗ್ಗೋಡಿನ ನಾಟಕ ಸಂಸ್ಥೆಯಾದ ನೀನಾಸಂ 1985ರಲ್ಲಿ ಆರಂಭಿಸಿದ ತಿರುಗಾಟದಂಥ ಸಂಚಾರಿ ತಂಡಗಳಲ್ಲಿ, ಇಂದಿನ ನಾಟಕದಲ್ಲಿ ಮುಖ್ಯ ಪಾತ್ರ ಮಾಡಿದವರು ನಾಳಿನ ನಾಟಕದಲ್ಲಿ ಗುಂಪಿನ ನಡುವೆ ನಿಲ್ಲುವುದು ತೀರ ಸಾಮಾನ್ಯವಾದ ಸಂಗತಿ.

ನನ್ನ ಸಲಹೆ ಇಷ್ಟು. ಮುಂದಿನ ನಾಟಕದಲ್ಲಿ ಪಾತ್ರವನ್ನೇ ಕೇಳಬೇಡಿ. ಪ್ರಾಂಪ್ಟರ್ ಕೆಲಸವನ್ನು, ಅಂದರೆ ಮರೆತ ಮಾತನ್ನು ಮರೆಯಿಂದ ಎತ್ತಿಕೊಡುವ ಕೆಲಸವನ್ನು, ಕೇಳಿ ಪಡೆಯಿರಿ. ಓದಿನ ಮೊದಲ ದಿನದಿಂದ ಕೊನೆಯ ಪ್ರದರ್ಶನದವರೆಗೆ ಪುಸ್ತಕ ಹಿಡಿದು ಪ್ರತಿಯೊಬ್ಬರ ಪ್ರತಿಯೊಂದು ಮಾತನ್ನೂ ಅನುಸರಿಸುವ ಆ ಕೆಲಸದಲ್ಲಿ, ಯಾರು ಯಾರನ್ನು ಕಾಯುತ್ತಾರೆ, ಯಾರು ಯಾರನ್ನು ಎತ್ತಿಹಿಡಿಯುತ್ತಾರೆ ಎಂಬುದು ನಿಮಗೆ ಬೇರೆಲ್ಲಿಯೂ ಕಾಣದಷ್ಟು ಸ್ಪಷ್ಟವಾಗಿ ಕಾಣುತ್ತದೆ. ತಡವಾಗಿ ಬಂದವರ ಮೇಲೆ ಆಗ ನಿಮಗೆ ಬರುವ ಸಿಟ್ಟನ್ನು ಸ್ವಲ್ಪ ಗಮನಿಸಿ.

ಪ್ರಶ್ನೆ: ನನ್ನ ಮಗನಿಗೆ ಈಗ 17 ವರ್ಷ. ನಾಲ್ಕು ವರ್ಷಗಳಿಂದ ಯಕ್ಷಗಾನ ಕಲಿಯುತ್ತಿದ್ದಾನೆ. ಹೆಜ್ಜೆಯೂ ಲಯವೂ ಚೆನ್ನಾಗಿವೆಯೆಂದು ಗುರುಗಳು ಹೇಳುತ್ತಾರೆ. ಓದಿನ ಜೊತೆಗೆ ಮೇಳದಲ್ಲಿಯೂ ತಿರುಗಾಟ ಮಾಡಬೇಕೆಂಬುದು ಅವನ ಆಸೆ. ಆದರೆ ಅವನದು ಮಾತು ಬಹಳ ಕಡಿಮೆ, ನಾಲ್ಕು ಜನರೊಂದಿಗೆ ಬೆರೆಯುವ ಸ್ವಭಾವವಲ್ಲ. ಇಂಥ ಹುಡುಗ ಮೇಳದಲ್ಲಿ ಹೊಂದಿಕೊಂಡಾನೇ? (ಕುಂದಾಪುರ)

ಉತ್ತರ: ತಾಯಿಯಾಗಿ ನಿಮಗೆ ಬಂದಿರುವ ಆತಂಕ ಸಹಜ. ಮಾತು ಕಡಿಮೆಯೆಂಬುದನ್ನು ಮಾತ್ರ ದೋಷವೆಂದು ಎಣಿಸಬೇಡಿ. ಮೇಳದಲ್ಲಿ ಬೆರೆಯುವ ಸ್ವಭಾವವೆಂದರೆ ಹರಟೆಯ ಸ್ವಭಾವವಲ್ಲ. ದೀಪಾವಳಿಯ ಬಳಿಕ ಹೊರಟ ಮೇಳ ಮೇ ತಿಂಗಳ ಕೊನೆಯಲ್ಲಿ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವವರೆಗೆ, ಅಂದರೆ ಸುಮಾರು ಆರು ತಿಂಗಳು, ಅದೇ ಜನ ಅದೇ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಪಕ್ಕಪಕ್ಕದಲ್ಲಿ ಕುಳಿತು ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಾರೆ, ಇರುಳಿನಲ್ಲಿ ಕುಣಿದು ಆಮೇಲೆ ಎಲ್ಲೆಲ್ಲೋ ಮಲಗುತ್ತಾರೆ, ಸಂಜೆಗೆ ಇನ್ನೊಂದು ಊರಿನ ಬಯಲಿನಲ್ಲಿ ಮತ್ತೆ ಸೇರುತ್ತಾರೆ. ನಿದ್ದೆಗೆಟ್ಟ ಇಷ್ಟು ಜನರ ನಡುವೆ ಮಾತು ಕಡಿಮೆಯಿರುವ ಹುಡುಗ ಹೊರೆಯಾಗುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವವನು ಹೊರೆಯಾಗುತ್ತಾನೆ.

ಯಕ್ಷಗಾನದ ವಿಶೇಷವೆಂದರೆ ಅಲ್ಲಿ ನಾಟಕದಂತೆ ಮಾತುಗಳು ಬರೆದಿಟ್ಟಿರುವುದಿಲ್ಲ. ಪ್ರಸಂಗದ, ಅಂದರೆ ಆಡುವ ಕಥೆಯ, ಪದ್ಯಗಳಷ್ಟೇ ಗೊತ್ತಿರುತ್ತವೆ, ಅರ್ಥವನ್ನು ವೇಷಧಾರಿ ಆ ಹೊತ್ತಿಗೆ ಕಟ್ಟಿ ಹೇಳಬೇಕು. ಸಂಜೆ ಚೌಕಿಗೆ ಬಂದ ಮೇಲೆ, ಇಂದು ನಿನಗೆ ಇಂಥ ವೇಷ ಎಂದು ಹೇಳಿದರೆ, ಪ್ರಸಂಗದ ನಡೆಯನ್ನು ಹಿರಿಯರೊಬ್ಬರ ಬಳಿ ಕೇಳಿಕೊಂಡು ಎರಡು ಗಂಟೆಯೊಳಗೆ ರಂಗಕ್ಕೆ ಹೋಗಬೇಕಾದ ಸಂದರ್ಭವೂ ಬರುತ್ತದೆ. ಆದ್ದರಿಂದ ನಿಮ್ಮ ಮಗನಲ್ಲಿ ನೀವು ನೋಡಬೇಕಾದದ್ದು, ಗೊತ್ತಿಲ್ಲದ್ದನ್ನು ನಾಚಿಕೆಯಿಲ್ಲದೆ ಕೇಳುತ್ತಾನೆಯೇ ಎಂಬುದನ್ನು. ಮನೆಯಲ್ಲಿ ಮೌನವಾಗಿರುವ ಹುಡುಗನೂ ‘ಈ ಪದ್ಯಕ್ಕೆ ನಾನು ಎಲ್ಲಿ ನಿಲ್ಲಬೇಕು?’ ಎಂದು ಕೇಳಬಲ್ಲವನಾದರೆ ಅಷ್ಟು ಸಾಕು. ಕೇಳದೆ ಗೊತ್ತಿದ್ದವನಂತೆ ಹೋಗಿ ನಿಲ್ಲುವವನು ತಾನೊಬ್ಬನೇ ಮುಗ್ಗರಿಸುವುದಿಲ್ಲ, ಎದುರು ವೇಷವನ್ನೂ ಮುಗ್ಗರಿಸುವಂತೆ ಮಾಡುತ್ತಾನೆ.

ಎರಡನೆಯದಾಗಿ, ರಂಗದ ಮೇಲೆ ಅವನ ಕಿವಿ ಯಾರ ಕಡೆಗಿದೆಯೆಂಬುದು ಮುಖ್ಯ. ಮೊದಲ ವೇಷ, ಹಾಡಿ ಆಟವನ್ನು ನಡೆಸುವ ಭಾಗವತನದೇ ಎಂದು ಹಿರಿಯರು ಹೇಳುವುದು ಬರಿಯ ಗೌರವದ ಮಾತಲ್ಲ. ಪದ್ಯವನ್ನು ಎತ್ತುವುದು, ಕುಣಿತವನ್ನು ಬೆಳೆಸುವುದು, ಮಾತನ್ನು ಮುಗಿಸು ಎಂದು ಸೂಚಿಸುವುದು ಎಲ್ಲವೂ ಭಾಗವತರ ಕೈಯಲ್ಲಿರುತ್ತದೆ. ಪ್ರೇಕ್ಷಕರು ಮೆಚ್ಚಿದರೆಂದು ಮಾತನ್ನು ಎಳೆಯುತ್ತ ಹೋಗುವವನು, ಮುಂದೆ ಬರಬೇಕಾದ ವೇಷದ ಸಮಯವನ್ನು ಕದಿಯುತ್ತಾನೆ. ಇರುಳಿಡೀ ಆಟ ನಡೆಯುತ್ತಿದ್ದ ಕಾಲದಲ್ಲಿ ಅಂಥ ಕಳ್ಳತನ ಹೇಗೋ ಸರಿದೂಗುತ್ತಿತ್ತು. ಈಗ ಹಲವು ಕಡೆ ಕಾಲಮಿತಿಯ ಆಟಗಳು ಬಂದಿವೆ. ಪೂರ್ವಾರ್ಧದಲ್ಲಿ ಒಬ್ಬರು ಹದಿನೈದು ನಿಮಿಷ ಹೆಚ್ಚು ತೆಗೆದುಕೊಂಡರೆ, ಕೊನೆಯಲ್ಲಿ ಬರುವ ವೇಷಧಾರಿ ಮೂರು ಗಂಟೆ ಬಣ್ಣ ಬರೆದುಕೊಂಡು ಕುಳಿತದ್ದು ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ವೇಷ, ಕುಣಿತಗಳಿಲ್ಲದೆ ಹಾಡು, ಮಾತುಗಳಲ್ಲೇ ನಡೆಯುವ ತಾಳಮದ್ದಳೆಯಲ್ಲಿಯೂ ಇದೇ ನ್ಯಾಯ: ಎದುರು ಅರ್ಥಧಾರಿಗೆ ಉತ್ತರಿಸಲು ಅವಕಾಶವಿರುವಂಥ ಪ್ರಶ್ನೆಯನ್ನು ಹಾಕುವುದು ವಿದ್ವತ್ತು, ಅವನ ಬಾಯಿ ಕಟ್ಟಿಸಿ ಗೆದ್ದೆನೆಂದು ಬೀಗುವುದು ಆಟವನ್ನೇ ಸೋಲಿಸುವುದು.

ಹಿಂದೆ ಮೇಳಕ್ಕೆ ಸೇರಿದ ಹುಡುಗರು ಪೂರ್ವರಂಗದ ಕೋಡಂಗಿ ವೇಷದಿಂದ ಆರಂಭಿಸಿ, ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ ಎಂದು ಒಂದೊಂದೇ ಮೆಟ್ಟಿಲು ಏರುತ್ತಿದ್ದರು. ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವ ಹೊತ್ತಿನಲ್ಲಿ, ಯಾರೂ ಸರಿಯಾಗಿ ನೋಡದಿರುವಾಗ ಕುಣಿಯುವುದನ್ನು ಅದು ಕಲಿಸುತ್ತಿತ್ತು. ತನ್ನ ವೇಷ ಮುಗಿದ ಮೇಲೆ ನಿಮ್ಮ ಮಗ ಮಲಗಲು ಹೋಗುತ್ತಾನೆಯೋ, ರಂಗದ ಪಕ್ಕದಲ್ಲಿ ನಿಂತು ಹಿರಿಯರ ಒಡ್ಡೋಲಗವನ್ನು (ಪಾತ್ರದ ಮೊದಲ ಪ್ರವೇಶದ ಕುಣಿತವನ್ನು) ನೋಡುತ್ತಾನೆಯೋ ಎಂಬುದನ್ನು ಅವನ ಗುರುಗಳ ಬಳಿ ವಿಚಾರಿಸಿ. ನೋಡುತ್ತಾನೆಂದಾದರೆ ಧೈರ್ಯವಾಗಿ ಕಳುಹಿಸಿ. ಓದನ್ನು ಮಾತ್ರ ಬಿಡಿಸಬೇಡಿ.

ಪ್ರಶ್ನೆ: ಕಾಲೇಜಿನ ನಾಟಕ ತಂಡವನ್ನು ನೋಡಿಕೊಳ್ಳುವ ಅಧ್ಯಾಪಕ ನಾನು. ನಮ್ಮ ತಂಡದ ಅತ್ಯುತ್ತಮ ನಟನೊಬ್ಬ ಉಳಿದವರನ್ನು ಅವರ ಊರಿನ ಮಾತಿನ ಧಾಟಿಗಾಗಿ ಹಂಗಿಸುತ್ತಾನೆ. ಇಬ್ಬರು ಈಗಾಗಲೇ ಬಿಟ್ಟುಹೋಗಿದ್ದಾರೆ. ಅವನಿಲ್ಲದೆ ಸ್ಪರ್ಧೆಯಲ್ಲಿ ಗೆಲ್ಲುವುದು ಕಷ್ಟ. ಏನು ಮಾಡಲಿ? (ಧಾರವಾಡ)

ಉತ್ತರ: ಸ್ಪರ್ಧೆಯಲ್ಲಿ ಸೋಲಲು ಸಿದ್ಧರಾಗಿ. ಬಿಟ್ಟುಹೋದ ಇಬ್ಬರನ್ನು ಮೊದಲು ಕರೆಯಿಸಿ, ಅವರ ಎದುರಿನಲ್ಲೇ ಅವನಿಗೆ ಒಮ್ಮೆ ಸ್ಪಷ್ಟವಾಗಿ ಹೇಳಿ. ಎರಡನೆಯ ಸಲ ಹಂಗಿಸಿದರೆ ಪಾತ್ರವನ್ನು ಬೇರೆಯವರಿಗೆ ಕೊಡಿ. ಪ್ರದರ್ಶನಕ್ಕೆ ವಾರವಿರುವಾಗ ಹೀಗೆ ಮಾಡಲಾಗದು, ಆದ್ದರಿಂದ ಈ ವಾರವೇ ಮಾಡಿ. ನಗೆಗೀಡಾಗುವೆನೆಂಬ ಹೆದರಿಕೆಯಿರುವ ಕಡೆ ಯಾರೂ ತಾಲೀಮಿನಲ್ಲಿ ತಪ್ಪು ಮಾಡಲು ಮುಂದಾಗುವುದಿಲ್ಲ, ತಪ್ಪು ಮಾಡದೆ ಯಾವ ದೃಶ್ಯವೂ ಹುಟ್ಟುವುದಿಲ್ಲ. ಅಂದಹಾಗೆ, ಹುಬ್ಬಳ್ಳಿ-ಧಾರವಾಡದ ಮಾತಿನಲ್ಲಿಯೂ ಕುಂದಗನ್ನಡದಲ್ಲಿಯೂ ಮಂಡ್ಯದ ಮಾತಿನಲ್ಲಿಯೂ ಒಳ್ಳೆಯ ನಾಟಕಗಳು ಬಂದಿವೆ. ಆ ಹುಡುಗನಿಗೆ ಮುಂದಿನ ನಾಟಕದಲ್ಲಿ ತನ್ನದಲ್ಲದ ಧಾಟಿಯ ಪಾತ್ರವೊಂದನ್ನು ಕೊಟ್ಟು, ಆ ಧಾಟಿಯವರ ಬಳಿಯೇ ಕಲಿತು ಬಾ ಎಂದು ಕಳುಹಿಸಬಹುದು. ಅವನು ಕಲಿತರೆ ತಂಡಕ್ಕೆ ಒಬ್ಬ ನಟ ಉಳಿದಂತಾಯಿತು.

ಪ್ರಶ್ನೆ: ಮೂರು ವರ್ಷಗಳಿಂದ ತಂಡವೊಂದರಲ್ಲಿ ವಸ್ತ್ರ ಮತ್ತು ರಂಗಪರಿಕರಗಳನ್ನು ನೋಡಿಕೊಳ್ಳುತ್ತಿದ್ದೇನೆ. ಹೆಣ್ಣುಮಕ್ಕಳು ನಾವು ನಾಲ್ವರು. ಇಸ್ತ್ರಿ, ಹರಿದದ್ದನ್ನು ಹೊಲಿಯುವುದು, ಚಹಾ ಎಲ್ಲವೂ ನಮ್ಮ ಪಾಲಿಗೆ ಬರುತ್ತದೆ. ಬೆಳಕಿನ ಕೆಲಸ ಕಲಿಯುತ್ತೇನೆಂದಾಗ ನಕ್ಕರು. ಬೇಸರ ಹೇಳಿಕೊಂಡರೆ, ನಿನಗೆ ತಂಡದ ಮನೋಭಾವವಿಲ್ಲ ಎನ್ನುತ್ತಾರೆ. ಹೊಂದಿಕೊಂಡು ಹೋಗುವುದೇ ಒಳ್ಳೆಯ ಗುಣವೇ? (ಮೈಸೂರು)

ಉತ್ತರ: ಹೊಂದಿಕೊಳ್ಳುವುದು ಒಳ್ಳೆಯ ಗುಣವೇ ಹೌದು, ಎಲ್ಲರೂ ಸರದಿಯ ಮೇಲೆ ಹೊಂದಿಕೊಳ್ಳುವುದಾದರೆ. ಪ್ರತಿ ಸಲವೂ ಅದೇ ನಾಲ್ವರು ಹೊಂದಿಕೊಳ್ಳುತ್ತಿದ್ದರೆ ಅದಕ್ಕೆ ದುಡಿಸಿಕೊಳ್ಳುವುದು ಎಂಬ ಬೇರೆ ಹೆಸರಿದೆ. ‘ತಂಡದ ಮನೋಭಾವ’ ಎಂಬ ಮಾತನ್ನು ಕೇಳಿದಾಗೆಲ್ಲ ನಾನು, ಹೇಳುವವನ ಕೈಯಲ್ಲಿ ಆಗ ಏನಿದೆಯೆಂದು ನೋಡುತ್ತೇನೆ. ಕೈಯಲ್ಲಿ ಪೊರಕೆಯೋ ಸುತ್ತಿಗೆಯೋ ಇದ್ದರೆ ಮಾತನ್ನು ಒಪ್ಪುತ್ತೇನೆ, ಚಹಾದ ಲೋಟವಷ್ಟೇ ಇದ್ದರೆ ಒಪ್ಪುವುದಿಲ್ಲ.

ತೆರೆಮರೆಯ ಕೆಲಸ ಕೀಳೆಂಬ ಭಾವನೆಯೇ ನಮ್ಮ ಪರಂಪರೆಯದಲ್ಲ. ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲಿ ನಾಟ್ಯಮಂಡಳಿಯಲ್ಲಿ ಯಾರ್ಯಾರು ಇರುತ್ತಾರೆಂಬ ವಿವರಣೆಯಿದೆ. ಸೂತ್ರಧಾರ, ನಟ, ವಿದೂಷಕರನ್ನು ಹೇಳುವ ಅದೇ ಉಸಿರಿನಲ್ಲಿ ಕಿರೀಟ ಮಾಡುವವನು, ಆಭರಣ ಮಾಡುವವನು, ಹೂಮಾಲೆ ಕಟ್ಟುವವನು, ವೇಷಕಾರ, ಚಿತ್ರಕಾರ, ಬಟ್ಟೆಯನ್ನು ನೋಡಿಕೊಳ್ಳುವ ರಜಕ ಇವರನ್ನೂ ಅಲ್ಲಿ ಹೇಳಿದೆ. ಮಾಲೆ ಕಟ್ಟುವವನೂ ಮಂಡಳಿಯವನೇ ಎಂದು ಶಾಸ್ತ್ರ ಬರೆದವರಿಗೆ ಅನ್ನಿಸಿತ್ತು. ಇಸ್ತ್ರಿ ಹಾಕುವವರು ಮಂಡಳಿಯವರಲ್ಲವೆಂದು ನಮ್ಮ ಕಾಲದ ತಂಡಗಳಿಗೆ ಅನ್ನಿಸುತ್ತಿದೆ.

ನಿಮ್ಮ ಕೆಲಸ ಬೇಡುವ ಗುಣಗಳನ್ನೂ ಹೇಳಬೇಕು, ಏಕೆಂದರೆ ನಟರು ಅದನ್ನು ಅರಿಯರು. ನಮ್ಮಲ್ಲಿ ಪರಿಕರ ನೋಡಿಕೊಳ್ಳುತ್ತಿದ್ದ ಗೆಳೆಯರೊಬ್ಬರು ವಿಂಗಿನ ಮೇಜಿನ ಮೇಲೆ ಬಿಳಿಯ ಹಾಳೆ ಹಾಸಿ, ಚೊಂಬು, ಪತ್ರ, ಕತ್ತಿ, ಊರುಗೋಲು ಒಂದೊಂದರ ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದು ಹೆಸರು ಬರೆಯುತ್ತಿದ್ದರು. ಕತ್ತಲಲ್ಲಿ ಒಂದು ನೋಟಕ್ಕೇ, ಯಾವ ಗೆರೆಯೊಳಗೆ ವಸ್ತುವಿಲ್ಲ ಎಂಬುದು ತಿಳಿಯುತ್ತಿತ್ತು. ಅವರ ನಿಯಮ ಒಂದೇ ಆಗಿತ್ತು: ರಂಗದಿಂದ ಹೊರಬಂದ ನಟ ಮೊದಲು ವಸ್ತುವನ್ನು ಅದರ ಗೆರೆಯೊಳಗೆ ಇಡಬೇಕು, ಆಮೇಲೆ ಬೆವರು ಒರೆಸಿಕೊಳ್ಳಬೇಕು. ಹೊಸಬರು ಬಂದಾಗ ನಾನು ಅವರ ಅಭಿನಯಕ್ಕಿಂತ ಮೊದಲು ಆ ಮೇಜನ್ನು ನೋಡುತ್ತಿದ್ದೆ. ಪತ್ರವನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಹೋದವರು ಬಹುಮಟ್ಟಿಗೆ ರಂಗದ ಮೇಲೆಯೂ ಇನ್ನೊಬ್ಬರ ಜಾಗದಲ್ಲಿ ನಿಲ್ಲುವವರೇ ಆಗಿರುತ್ತಿದ್ದರು.

ಬೆಳಕಿನ ಕೆಲಸ ಕಲಿಯುತ್ತೇನೆಂದಾಗ ನಕ್ಕದ್ದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ನಮ್ಮ ತಂಡದಲ್ಲಿಯೂ ಒಮ್ಮೆ ಹಾಗೆ ನಕ್ಕವರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ನಟನೆಯ ಜೊತೆಗೆ ಬೆಳಕು, ರಂಗಸಜ್ಜಿಕೆ, ಪ್ರಸಾಧನಗಳನ್ನೂ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಹೆಣ್ಣೆಂದು ಅಲ್ಲಿ ಯಾರನ್ನೂ ಏಣಿಯಿಂದ ಕೆಳಗಿಳಿಸುವುದಿಲ್ಲ. ನೀವು ತಂಡದ ಸಭೆಯಲ್ಲಿ ಕೆಲಸಗಳ ಸರದಿಯನ್ನು ಬರೆದು ಗೋಡೆಗೆ ಅಂಟಿಸಬೇಕೆಂದು ಕೇಳಿ. ಬಾಯಿಮಾತಿನಲ್ಲಿ ಹಂಚಿದ ಕೆಲಸ ಯಾವಾಗಲೂ ಹಿಂದಿನ ಸಲ ಮಾಡಿದವರ ಕೈಗೇ ಮರಳಿ ಬರುತ್ತದೆ. ತಾಲೀಮು ರಾತ್ರಿ ಎಷ್ಟು ಹೊತ್ತಿಗೆ ಮುಗಿಯಬೇಕು, ಬಸ್ಸು ತಪ್ಪಿದವರನ್ನು ಯಾರು ಮನೆಗೆ ಮುಟ್ಟಿಸಬೇಕು, ತಬ್ಬುವ ಅಥವಾ ಹೊಡೆಯುವ ದೃಶ್ಯಗಳಲ್ಲಿ ಮೊದಲೇ ಒಪ್ಪಿಕೊಂಡದ್ದಕ್ಕಿಂತ ಹೆಚ್ಚಿಗೆ ಯಾರೂ ಮೈಮುಟ್ಟಬಾರದೆಂಬ ಕಟ್ಟಳೆ ಇವನ್ನೂ ಅದೇ ಹಾಳೆಯಲ್ಲಿ ಬರೆಯಿಸಿ. ಇವನ್ನು ಕೇಳುವವರು ತಂಡ ಒಡೆಯುವವರಲ್ಲ. ಕೇಳಿದ ಮೇಲೂ ನಗುತ್ತಾರಾದರೆ ಮೈಸೂರಿನಲ್ಲಿ ಬೇರೆ ತಂಡಗಳಿಗೆ ಬರವಿಲ್ಲ. 1989ರಲ್ಲಿ ಸರ್ಕಾರದ ನಾಟಕ ಸಂಸ್ಥೆ ರಂಗಾಯಣ ಬಂದ ಊರು ಅದು.

ಪ್ರಶ್ನೆ: ನಾವು ದುಬೈಯಲ್ಲಿರುವ ಕೆಲವು ಕನ್ನಡ ಕುಟುಂಬಗಳು ರಾಜ್ಯೋತ್ಸವಕ್ಕಾಗಿ ಪ್ರತಿವರ್ಷ ಒಂದು ನಾಟಕ ಮಾಡುತ್ತೇವೆ. ವಾರಾಂತ್ಯದಲ್ಲಷ್ಟೇ ತಾಲೀಮು ಸಾಧ್ಯ. 14 ಜನರಲ್ಲಿ ಪ್ರತಿ ಸಲವೂ ಐದಾರು ಜನ ಬರುವುದಿಲ್ಲ. ಎಲ್ಲರೂ ಸ್ನೇಹಿತರೇ ಆದ್ದರಿಂದ ಗಟ್ಟಿಯಾಗಿ ಹೇಳಲೂ ಆಗದು. ತಪ್ಪಿಸಿದವರಿಗೆ ದಂಡ ಹಾಕಬೇಕೆಂದು ಕೆಲವರು ಹೇಳುತ್ತಿದ್ದಾರೆ. ನಿಮ್ಮ ಅಭಿಪ್ರಾಯವೇನು? (ದುಬೈ)

ಉತ್ತರ: ನೀವು ಮೊದಲು ಪಾತ್ರ ಹಂಚಿ ಆಮೇಲೆ ದಿನಗಳನ್ನು ಗೊತ್ತುಮಾಡುತ್ತಿದ್ದೀರೆಂದು ತೋರುತ್ತದೆ. ಅದನ್ನು ತಿರುಗಿಸಿ. ಮೊದಲ ಸಭೆಯಲ್ಲಿ ಹತ್ತು ವಾರಾಂತ್ಯಗಳ ಪಟ್ಟಿಯನ್ನು ಇಟ್ಟು, ಯಾರು ಎಷ್ಟು ದಿನ ಖಂಡಿತವಾಗಿ ಬರಬಲ್ಲರೆಂದು ಅವರವರ ಕೈಯಲ್ಲೇ ಗುರುತು ಹಾಕಿಸಿ, ಆ ಗುರುತುಗಳನ್ನು ನೋಡಿದ ಮೇಲೆ ನಾಟಕವನ್ನು ಆಯ್ದುಕೊಳ್ಳಿ. ‘ನನಗೆ ನಾಲ್ಕು ದಿನ ಮಾತ್ರ ಆಗುತ್ತದೆ’ ಎಂದು ಮೊದಲೇ ಹೇಳುವವರಿಗೆ ಒಂದೇ ದೃಶ್ಯದ ಪಾತ್ರವನ್ನು ಕೊಟ್ಟು ಆ ನಾಲ್ಕು ದಿನಗಳಲ್ಲೇ ಅದನ್ನು ಮುಗಿಸಬಹುದು. ಹತ್ತೂ ದಿನ ಬರುತ್ತೇನೆಂದು ಸಂಕೋಚಕ್ಕೆ ಹೇಳಿ ಆರು ದಿನ ಕೈಕೊಡುವವರಿಗಿಂತ ಅವರು ತಂಡಕ್ಕೆ ಹೆಚ್ಚು ಬೇಕಾದವರು. ಸ್ನೇಹಿತರ ತಂಡಗಳಲ್ಲಿ ‘ಆಗುವುದಿಲ್ಲ’ ಎಂದು ಹೇಳುವ ಧೈರ್ಯ ಕಡಿಮೆ. ನೀವು ಬೆಳೆಸಬೇಕಾದ ಗುಣ ಅದೇ. ಎಲ್ಲರಿಗೂ ವೇಷ ಕೊಡಲೇಬೇಕೆಂಬ ಮುಲಾಜಿನಿಂದ 14 ಪಾತ್ರಗಳ ನಾಟಕವನ್ನು ಹುಡುಕುವ ಬದಲು, ಆರು ಪಾತ್ರಗಳ ನಾಟಕವನ್ನು ಆಯ್ದುಕೊಂಡು ಉಳಿದ ಎಂಟು ಜನರಿಗೆ ಸಂಗೀತ, ಪರಿಕರ, ಪ್ರಾಂಪ್ಟಿಂಗ್, ಮಕ್ಕಳನ್ನು ನೋಡಿಕೊಳ್ಳುವುದು ಇವನ್ನು ಹಂಚಿದರೆ ಯಾರಿಗೂ ಅವಮಾನವಾಗುವುದಿಲ್ಲ. ತಾಲೀಮಿನ ಮನೆಯಲ್ಲಿ ಗದ್ದಲವೂ ತಗ್ಗುತ್ತದೆ.

ದಂಡವನ್ನು ಮಾತ್ರ ಹಾಕಬೇಡಿ. ನಮ್ಮ ತಂಡದಲ್ಲಿ ಒಂದು ಕಾಲಕ್ಕೆ ತಡವಾಗಿ ಬಂದವರಿಗೆ ಐದು ರೂಪಾಯಿ ದಂಡವಿತ್ತು. ಬಂದವರು ನಗುತ್ತ ಡಬ್ಬಿಗೆ ನಾಣ್ಯ ಹಾಕಿ, ಬಾಕಿ ತೀರಿತೆಂಬಂತೆ ನಿರುಮ್ಮಳವಾಗಿ ಕುಳಿತುಕೊಳ್ಳುತ್ತಿದ್ದರು. ತಿಂಗಳ ಕೊನೆಗೆ ಆ ಹಣದಲ್ಲಿ ಬೋಂಡಾ ತರಿಸಿ ಎಲ್ಲರೂ ತಿನ್ನುತ್ತಿದ್ದೆವು, ತಾಲೀಮು ಮಾತ್ರ ಏಳೂ ಕಾಲಿಗೇ ಶುರುವಾಗುತ್ತಿತ್ತು.